ಬಂಡೆಯ ಬುಡದಲ್ಲೊಂದು ಪಾಠಶಾಲೆ

ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಹೋಗುವವರಿಗೆ, ಸುಮಾರು 50 ಕಿಲೋಮೀಟರು ಕಳೆಯುವ ಹೊತ್ತಿಗೆ, ಕಿಟಕಿಯಾಚೆ ಒಂದು ವಿಚಿತ್ರವಾದ ನೋಟ ಎದುರಾಗುತ್ತದೆ. ಹೊಲ, ಮಾವಿನ ತೋಪು, ತೆಂಗಿನ ಸಾಲುಗಳ ನಡುವಿನಿಂದ ಬೋಳು ಬಂಡೆಗಳು ನೂರಾರು ಅಡಿ ಎತ್ತರಕ್ಕೆ ಒಮ್ಮೆಲೇ ಎದ್ದು ನಿಂತಿವೆ. ಇದು ರಾಮನಗರ. ಬ್ರಿಟಿಷರ ಕಾಲದಲ್ಲಿ ಸರ್ ಬ್ಯಾರಿ ಕ್ಲೋಸ್ ಎಂಬ ಅಧಿಕಾರಿಯ ಹೆಸರಿನಿಂದ ಈ ಊರನ್ನು ಕ್ಲೋಸ್‌ಪೇಟೆ ಎಂದು ಕರೆಯುತ್ತಿದ್ದರು. ಊರಿನ ಹೆಸರು ಬದಲಾಯಿತು; ಆದರೆ ಇಲ್ಲಿನ ಕಲ್ಲನ್ನು ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. 1975ರಲ್ಲಿ ತೆರೆಕಂಡ ‘ಶೋಲೆ’ ಚಿತ್ರವನ್ನು ನೋಡಿದವರಿಗೆ ಈ ಬಂಡೆಗಳ ಪರಿಚಯವನ್ನು ನಾವು ಬೇರೆ ಮಾಡಿಕೊಡಬೇಕಾಗಿಲ್ಲ.

ಚಳಿಗಾಲದ ಒಂದು ಶನಿವಾರ ಬೆಳಗ್ಗೆ ಈ ಸೀಮೆಯ ಇಂಥದೊಂದು ಬಂಡೆಯ ಬುಡಕ್ಕೆ ನಾವು ಹೋಗಿದ್ದೆವು. ಅಲ್ಲಿ ಶಿಲಾರೋಹಣದ ಮೇಳವೊಂದು ನಡೆಯುವುದಿತ್ತು. ಮೇಳವೆಂದೊಡನೆ ವಾಚಕರು ತೇರು, ತುತ್ತೂರಿ, ಕಡಲೆಪುರಿಯ ಅಂಗಡಿಗಳನ್ನು ಕಲ್ಪಿಸಿಕೊಳ್ಳಬಾರದು. ಎಂಬತ್ತೋ ತೊಂಬತ್ತೋ ಜನ ಸೇರಿದ್ದರು. ಅವರಲ್ಲಿ ಕಾಲೇಜಿನ ಹುಡುಗ ಹುಡುಗಿಯರೇ ಹೆಚ್ಚು; ಕಚೇರಿಯಲ್ಲಿ ಕೆಲಸ ಮಾಡುವ ಕೆಲವರು, ಒಬ್ಬ ದಂತವೈದ್ಯರು, ಹತ್ತಿರದ ಹಳ್ಳಿಯ ನಾಲ್ಕೈದು ತರುಣರು. ಸ್ಪರ್ಧೆಯಿಲ್ಲ, ಬಹುಮಾನವಿಲ್ಲ. ಬಲ್ಲವರು ಅರಿಯದವರಿಗೆ ಕಲಿಸುತ್ತಾರೆ. ಒಂದು ಮರದಡಿ ಗಂಟು ಹಾಕುವ ಪಾಠ, ಇನ್ನೊಂದು ಕಡೆ ಇಳಿಜಾರಿನಲ್ಲಿ ಕಾಲಿಡುವ ಪಾಠ, ಮತ್ತೊಂದು ಕಡೆ ಬೀಳುವವನನ್ನು ಹಗ್ಗದಿಂದ ತಡೆಯುವ ಪಾಠ. ಬಿಸಿಲು ಏರಿದ ಮೇಲೆ ಎಲ್ಲರೂ ಗೋಣಿಚೀಲ ಹಿಡಿದು ಬಂಡೆಯ ಸುತ್ತಲಿನ ಕಸವನ್ನು ಆಯಬೇಕು, ಕಾಲುದಾರಿಯನ್ನು ಸರಿಪಡಿಸಬೇಕು, ಅಲ್ಲಿನ ಗಿಡ, ಜೇನು, ಹಕ್ಕಿಗಳ ವಿಷಯ ಕೇಳಬೇಕು. ಈ ಎರಡನೆಯ ಭಾಗವನ್ನು ಶಿಷ್ಟಾಚಾರಕ್ಕೆಂದು ಸೇರಿಸಿದ್ದಾರೆಂದು ನಮಗೆ ಮೊದಲು ತೋರಿತು. ಎರಡು ದಿನ ಕಳೆಯುವಷ್ಟರಲ್ಲಿ ನಮ್ಮ ಅಭಿಪ್ರಾಯ ಬದಲಾಯಿತು. ಏಕೆ ಬದಲಾಯಿತೆಂಬುದನ್ನು ತಿಳಿಸಬೇಕಾದರೆ ಮೊದಲು ಬಂಡೆಯ ವಿಚಾರದಿಂದಲೇ ಆರಂಭಿಸಬೇಕು.

ಕ್ಲೋಸ್‌ಪೇಟೆ ಗ್ರಾನೈಟಿನ ವಯಸ್ಸು ಸುಮಾರು 250 ಕೋಟಿ ವರ್ಷ. ನಮ್ಮ ರಾಜ್ಯದೊಳಗೆ ಉತ್ತರ ದಕ್ಷಿಣವಾಗಿ ನೂರಾರು ಕಿಲೋಮೀಟರು ಉದ್ದಕ್ಕೆ ಇದು ಒಂದು ಪಟ್ಟಿಯಂತೆ ಹರಡಿಕೊಂಡಿದೆ. ಇದು ಹುಟ್ಟಿದ್ದು ನೆಲದ ಮೇಲಲ್ಲ, ಕಿಲೋಮೀಟರುಗಟ್ಟಲೆ ಆಳದಲ್ಲಿ. ಅಲ್ಲಿ ಕರಗಿದ ಶಿಲಾರಸವು ಬಹು ನಿಧಾನವಾಗಿ ತಣಿಯಿತು. ನಿಧಾನವಾಗಿ ತಣಿದ ರಸದಲ್ಲಿ ಹರಳುಗಳು ದೊಡ್ಡವಾಗಿ ಬೆಳೆಯುತ್ತವೆ. ರಾಮನಗರದ ಕಲ್ಲನ್ನು ಹತ್ತಿರದಿಂದ ನೋಡಿದರೆ ಗಾಜಿನಂಥ ಬೆಣಚು, ಕಪ್ಪಾಗಿ ಮಿನುಗುವ ಅಭ್ರಕ, ಇವುಗಳ ನಡುವೆ ಹೆಬ್ಬೆರಳಿನಷ್ಟು ಉದ್ದದ ನಸುಗೆಂಪು ಫೆಲ್ಡ್‌ಸ್ಪಾರ್ ಹರಳುಗಳು ಕಾಣುತ್ತವೆ. ಬಂಡೆ ಹತ್ತುವವರು ಈ ಹರಳುಗಳನ್ನೇ ಮೆಟ್ಟಿಲು ಮಾಡಿಕೊಳ್ಳುತ್ತಾರೆಂದರೆ ಆಶ್ಚರ್ಯವಾದೀತು.

ಕೋಟ್ಯಂತರ ವರ್ಷಗಳಲ್ಲಿ ಮೇಲಿನ ಹೊದಿಕೆ ಸವೆದು ಹೋಯಿತು. ಅಷ್ಟು ಭಾರ ಇಳಿದ ಮೇಲೆ, ಒತ್ತಿ ಹಿಡಿದಿದ್ದ ಹತ್ತಿಯ ಮೂಟೆ ಉಬ್ಬುವಂತೆ, ಕಲ್ಲೂ ಕಿಂಚಿತ್ತು ಹಿಗ್ಗುತ್ತದೆ. ಕಲ್ಲಿಗೆ ಹತ್ತಿಯ ಮೃದುತ್ವವಿಲ್ಲವಾದ್ದರಿಂದ ಮೇಲ್ಮೈಗೆ ಸಮಾಂತರವಾಗಿ ಬಿರುಕುಗಳು ಹುಟ್ಟಿ, ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಬಿಡುತ್ತದೆ. ಈ ರಹಸ್ಯವನ್ನು ನಮ್ಮ ಕಲ್ಲುಕುಟಿಗರು ಭೂವಿಜ್ಞಾನದ ಪುಸ್ತಕವನ್ನು ಓದದೆಯೇ ತಿಳಿದಿದ್ದರು. ಬೋಳು ಬಂಡೆಯ ಮೇಲೆ ಸೌದೆ ಒಟ್ಟಿ ಬೆಂಕಿಯಿಟ್ಟು, ಕಾವಿನಿಂದ ಮೇಲಿನ ಪದರವನ್ನು ಬಿಡಿಸಿ, ಅದನ್ನು ಚಪ್ಪಡಿಗಳಾಗಿ ಸೀಳುತ್ತಿದ್ದರು. ಹಳೆಯ ಮೈಸೂರಿನ ಎಷ್ಟೋ ಮನೆಗಳ ಜಗಲಿಯ ಚಪ್ಪಡಿ, ಹೊಲದ ಬೇಲಿಯ ಕಲ್ಲುಕಂಬ ಹೀಗೆ ಬಂದವೇ. ಪದರ ಕಳಚಿದ ಬಂಡೆ ನುಣುಪಾಗಿ, ಗುಮ್ಮಟದಂತೆ ದುಂಡಾಗಿ ಉಳಿಯುತ್ತದೆ. ಆದುದರಿಂದ ಇಲ್ಲಿ ಕೈಗೆ ಸಿಗುವ ಬಿರುಕು ಕಡಿಮೆ, ಇಳಿಜಾರು ಹೆಚ್ಚು. ಹತ್ತುವವನು ತೋಳನ್ನಲ್ಲ, ಪಾದವನ್ನು ನಂಬಬೇಕು.

ಪಾದವನ್ನು ನಂಬುವುದೆಂದರೆ ಘರ್ಷಣೆಯನ್ನು ನಂಬುವುದು. ಪ್ರೌಢಶಾಲೆಯಲ್ಲಿ ಓರೆಹಲಗೆಯ ಮೇಲೆ ಮರದ ತುಂಡನ್ನಿಟ್ಟು ಮಾಡಿದ ಪ್ರಯೋಗವನ್ನು ವಾಚಕರು ನೆನಪಿಗೆ ತಂದುಕೊಳ್ಳಲಿ. ಹಲಗೆಯನ್ನು ಎತ್ತುತ್ತ ಹೋದರೆ ಒಂದು ಕೋನದಲ್ಲಿ ತುಂಡು ಜಾರುತ್ತದೆ; ಆ ಕೋನದ ಸ್ಪರ್ಶಕವೇ ಘರ್ಷಣಾಂಕ. ಒಣಗಿದ ಒರಟು ಗ್ರಾನೈಟಿನ ಮೇಲೆ ಒಳ್ಳೆಯ ರಬ್ಬರಿನ ಘರ್ಷಣಾಂಕವನ್ನು ಸ್ಥೂಲವಾಗಿ 1 ಎಂದಿಟ್ಟುಕೊಂಡರೆ, 45 ಡಿಗ್ರಿಯ ಇಳಿಜಾರಿನಲ್ಲಿಯೂ ಮನುಷ್ಯನು ಕೈಯ ಸಹಾಯವಿಲ್ಲದೆ ನಿಲ್ಲಬಹುದು. ಮನೆಯ ಮೆಟ್ಟಿಲುಸಾಲು ಇದಕ್ಕಿಂತ ಕಡಿಮೆ ಓರೆಯಾಗಿರುತ್ತದೆ! ರಬ್ಬರು ಮೆತ್ತಗಿದ್ದು ಕಲ್ಲಿನ ಸಣ್ಣ ಸಣ್ಣ ಉಬ್ಬುತಗ್ಗುಗಳೊಳಕ್ಕೆ ಇಳಿದು ಕೂರುವುದರಿಂದಲೇ ಇಂಥ ಹಿಡಿತ ಸಾಧ್ಯವಾಗುತ್ತದೆ. ಅಟ್ಟೆಗೆ ಮಣ್ಣು ಮೆತ್ತಿದರೆ ರಬ್ಬರಿಗೂ ಕಲ್ಲಿಗೂ ಸಂಬಂಧವೇ ತಪ್ಪುತ್ತದೆ. ಕಾಲಿಡುವ ಪಾಠದಲ್ಲಿ ಮೊದಲು ಮಾಡಿಸಿದ್ದೇ ಅಟ್ಟೆಯನ್ನು ಒರಸುವ ಕೆಲಸ.

ಆದರೆ ಲೆಕ್ಕ ಬಲ್ಲವನು ಜಾರುವುದಿಲ್ಲವೆಂದಲ್ಲ. ನಾವೇ ಜಾರಿದೆವು. ಇಳಿಜಾರಿನಲ್ಲಿ ನಾಲ್ಕು ಹೆಜ್ಜೆ ಹೋಗುತ್ತಲೇ ಹೆದರಿಕೆಯಾಗಿ, ತಾಯಿಯನ್ನು ತಬ್ಬುವ ಮಗುವಿನಂತೆ ಬಂಡೆಯನ್ನು ತಬ್ಬಿಕೊಂಡೆವು. ಮರುಕ್ಷಣವೇ ಕಾಲು ಕಿತ್ತು ಮೊಣಕಾಲಿನ ಚರ್ಮ ಸುಲಿಯಿತು. ಕಲಿಸುತ್ತಿದ್ದ ತರುಣಿ ನಕ್ಕು, “ಬಂಡೆ ಬಿಟ್ಟು ನೇರವಾಗಿ ನಿಂತ್ಕೊಳ್ಳಿ ಸಾರ್, ಆಗ ಕಾಲು ನಿಲ್ಲುತ್ತೆ” ಎಂದಳು. ಇದು ಬುದ್ಧಿಗೆ ವಿರುದ್ಧವಾಗಿ ಕಾಣುತ್ತದೆ. ಆದರೆ ಬಲಗಳನ್ನು ಬಿಡಿಸಿ ನೋಡಿದರೆ ಸರಿಯಾಗಿದೆ. ನೇರವಾಗಿ ನಿಂತಾಗ ಮೈಭಾರವೆಲ್ಲ ಪಾದದ ಮೂಲಕವೇ ಇಳಿಯುತ್ತದೆ. ಅದರ ಒಂದು ಭಾಗ ಪಾದವನ್ನು ಕಲ್ಲಿಗೆ ಒತ್ತುತ್ತದೆ, ಘರ್ಷಣೆ ಹುಟ್ಟುವುದು ಈ ಒತ್ತಡದಿಂದ. ಬಂಡೆಯ ಮೇಲೆ ಒರಗಿ ಕೈಯೂರಿದೊಡನೆ ಈ ಒತ್ತಡದಲ್ಲಿ ದೊಡ್ಡ ಪಾಲನ್ನು ಕೈಗಳು ಕಸಿದುಕೊಳ್ಳುತ್ತವೆ. ಬೆವರಿದ ಅಂಗೈಗೆ ರಬ್ಬರಿನ ಹಿಡಿತವಿಲ್ಲ. ಕೆಳಕ್ಕೆ ಎಳೆಯುವ ಬಲವಾದರೋ ಮೊದಲಿನಷ್ಟೇ ಇರುತ್ತದೆ. ಫಲವನ್ನು ನಮ್ಮ ಮೊಣಕಾಲು ಹೇಳಿತು.

ಬಿದ್ದರೆ ಏನು ಗತಿ? ಇಲ್ಲಿ ಹಗ್ಗದ ಶಾಸ್ತ್ರ ಬರುತ್ತದೆ. ಹಗ್ಗ ಗಟ್ಟಿಯಾಗಿದ್ದರೆ ಸಾಕೆಂದು ಸಾಮಾನ್ಯರು ತಿಳಿಯುತ್ತಾರೆ. ಗಟ್ಟಿಯಾಗಿರುವುದು ಬೇರೆ, ಹಿಗ್ಗುವುದು ಬೇರೆ. ಜೀವ ಉಳಿಸುವುದು ಎರಡನೆಯ ಗುಣ. ಒಬ್ಬನು 4 ಮೀಟರು ಬಿದ್ದನೆನ್ನೋಣ. ಆ ಹೊತ್ತಿಗೆ ಅವನ ವೇಗ ಸೆಕೆಂಡಿಗೆ ಸುಮಾರು 9 ಮೀಟರು, ಎಂದರೆ ಗಂಟೆಗೆ 32 ಕಿಲೋಮೀಟರು. ಅವನನ್ನು 10 ಸೆಂಟಿಮೀಟರಿನೊಳಗೆ ನಿಲ್ಲಿಸಿದರೆ ಸರಾಸರಿಯಲ್ಲಿ ಅವನ ತೂಕದ 41 ಪಟ್ಟು ಬಲ ಅವನ ಮೇಲೆ ಬೀಳುತ್ತದೆ. ಮೂಳೆಗಳು ಅದನ್ನು ತಡೆಯಲಾರವು. ಅದೇ ಬೀಳುವಿಕೆಯನ್ನು 2 ಮೀಟರು ದೂರದಲ್ಲಿ ನಿಧಾನವಾಗಿ ನಿಲ್ಲಿಸಿದರೆ ಬಲ ತೂಕದ 3 ಪಟ್ಟು ಮಾತ್ರ. ಕ್ರಿಕೆಟ್ ಚೆಂಡನ್ನು ಹಿಡಿಯುವವನು ಕೈಗಳನ್ನು ಚೆಂಡಿನೊಡನೆ ಹಿಂದಕ್ಕೆ ತರುವುದು ಇದೇ ಕಾರಣಕ್ಕೆ. ಬಾವಿಗೆ ಬಳಸುವ ತೆಂಗಿನ ನಾರಿನ ಹಗ್ಗವಾಗಲಿ, ಲಾರಿಗೆ ಬಿಗಿಯುವ ಹಗ್ಗವಾಗಲಿ ಈ ಉಪಕಾರವನ್ನು ಮಾಡಲಾರದು. ಶಿಲಾರೋಹಣದ ಹಗ್ಗವು ನೈಲಾನಿನದು: ಒಳಗೆ ಹುರಿಗೊಳಿಸಿದ ಎಳೆಗಳ ತಿರುಳು, ಹೊರಗೆ ಅದನ್ನು ಕಾಯುವ ಹೆಣೆದ ಕವಚ. ಜರ್ಮನಿಯ ಎಡೆಲ್‌ರಿಡ್ ಕಾರ್ಖಾನೆ ಈ ಮಾದರಿಯನ್ನು 1953ರಲ್ಲಿ ಹೊರತಂದಿತು. ಇಂದಿನ ಅಂತರರಾಷ್ಟ್ರೀಯ ನಿಯಮದಂತೆ, ಒಂಟಿಯಾಗಿ ಬಳಸುವ ಹಗ್ಗವು 80 ಕಿಲೋಗ್ರಾಂ ತೂಕದ ಕಠಿಣವಾದ ಬೀಳುವಿಕೆಯನ್ನು ತಡೆಯುವಾಗ 12,000 ನ್ಯೂಟನ್‌ಗಿಂತ ಹೆಚ್ಚಿನ ಬಲವನ್ನು ಬೀಳುವವನಿಗೆ ಮುಟ್ಟಿಸಕೂಡದು. ಇದು ಅವನ ತೂಕದ ಸುಮಾರು 15 ಪಟ್ಟು. ನಿಜವಾದ ಬೀಳುವಿಕೆಗಳಲ್ಲಿ ಬಲ ಸಾಮಾನ್ಯವಾಗಿ ಇದಕ್ಕಿಂತ ಬಹಳ ಕಡಿಮೆಯಿರುತ್ತದೆ.

ಇನ್ನೊಂದು ಸೂಕ್ಷ್ಮವುಂಟು. ಹೆಚ್ಚು ದೂರ ಬಿದ್ದವನಿಗೆ ಹೆಚ್ಚು ಪೆಟ್ಟು ಎಂಬುದು ಇಲ್ಲಿ ಪೂರ್ತಿ ನಿಜವಲ್ಲ. ಬಿದ್ದ ದೂರವನ್ನು ಹೊರಗೆ ಬಿಟ್ಟಿರುವ ಹಗ್ಗದ ಉದ್ದದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಮುಖ್ಯ. ಬಹಳ ಬಿದ್ದರೂ, ಹಿಗ್ಗಲು ಬಹಳ ಹಗ್ಗವಿದ್ದರೆ ಪೆಟ್ಟು ಸೌಮ್ಯ. ಸ್ವಲ್ಪವೇ ಬಿದ್ದರೂ, ಹಗ್ಗ ಗಿಡ್ಡವಾಗಿದ್ದರೆ ಪೆಟ್ಟು ತೀಕ್ಷ್ಣ. ಹತ್ತುವವನು ತನ್ನನ್ನು ಹಿಡಿದವನ ಪಕ್ಕದಿಂದ ಆರಂಭಿಸಿ ಮೊದಲ ಕೊಂಡಿಯನ್ನು ಹಾಕುವ ಮುನ್ನವೇ ಬಿದ್ದರೆ ಈ ಸಂಖ್ಯೆ 2ರವರೆಗೆ ಏರಬಹುದು. ಅದಕ್ಕಿಂತ ಮೇಲೆ ಏರಲು ಸಾಧ್ಯವಿಲ್ಲ. ಏಕೆಂಬುದನ್ನು ಚಿತ್ರ ಬರೆದು ಕಂಡುಕೊಳ್ಳುವ ಕೆಲಸವನ್ನು ವಿದ್ಯಾರ್ಥಿಗಳಿಗೇ ಬಿಡುತ್ತೇವೆ.

ಹಗ್ಗದ ಇನ್ನೊಂದು ತುದಿಯನ್ನು ಹಿಡಿದವನ ಕೈಗೆ ಎಷ್ಟು ಶಕ್ತಿಯಿದ್ದೀತು? ಜಾರುತ್ತಿರುವ ಹಗ್ಗವನ್ನು ಒಂದು ಕೈ 20–25 ಕಿಲೋಗ್ರಾಂ ತೂಕದಷ್ಟು ಬಲದಿಂದ ತಡೆದೀತು, ಅಷ್ಟೆ. ಆದರೂ ಒಬ್ಬ ತೆಳ್ಳನೆಯ ಹುಡುಗಿ ತನಗಿಂತ ಭಾರವಾದ ಗೆಳೆಯನ ಬೀಳುವಿಕೆಯನ್ನು ತಡೆದದ್ದನ್ನು ಅಲ್ಲಿ ಕಣ್ಣಾರೆ ಕಂಡೆವು. ಹಟಮಾರಿ ಎತ್ತನ್ನು ಹಿಡಿಯುವ ರೈತನು ಹಗ್ಗವನ್ನು ಕಂಬಕ್ಕೆ ಒಂದೆರಡು ಸುತ್ತು ಸುತ್ತಿ, ತುದಿಯನ್ನು ಹಗುರವಾಗಿ ಹಿಡಿದುಕೊಳ್ಳುತ್ತಾನಲ್ಲವೆ? ಎಳೆತವನ್ನು ತಡೆಯುವುದು ಕೈಯಲ್ಲ, ಕಂಬದ ಮೇಲಿನ ಘರ್ಷಣೆ. ಘರ್ಷಣಾಂಕ 0.3 ಎಂದಿಟ್ಟುಕೊಂಡರೆ ಒಂದು ಸುತ್ತಿನಿಂದ ಕೈಯ ಬಲ ಸುಮಾರು 6.6 ಪಟ್ಟಾಗುತ್ತದೆ, ಎರಡು ಸುತ್ತಿನಿಂದ 13 ಪಟ್ಟಲ್ಲ, 43 ಪಟ್ಟು! ಸುತ್ತು ಕೂಡಿದಂತೆ ಬಲ ಗುಣಿಸುತ್ತದೆ. ಹಿಂದಿನವರು ಹಗ್ಗವನ್ನು ತಮ್ಮ ಸೊಂಟಕ್ಕೇ ಸುತ್ತಿಕೊಂಡು ಈ ಕೆಲಸ ಮಾಡುತ್ತಿದ್ದರು. ಬಟ್ಟೆ ಸುಡುತ್ತಿತ್ತು, ಕೆಲವೊಮ್ಮೆ ಚರ್ಮವೂ. ಈಗ ಅಂಗೈಯಗಲದ ಲೋಹದ ಸಾಧನದೊಳಗೆ ಹಗ್ಗ ಮಡಿಚಿಕೊಂಡು ಹಾಯುತ್ತದೆ. ಸಾಧನ ಎಷ್ಟೇ ಚೆನ್ನಾಗಿರಲಿ, ಕೆಳಗಣ ಕೈ ಹಗ್ಗವನ್ನು ಬಿಟ್ಟರೆ ಕೆಲಸ ಕೆಟ್ಟಿತು; ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ. ಆದುದರಿಂದ ಹತ್ತುವ ಮುನ್ನ ಇಬ್ಬರೂ ಒಬ್ಬರದನ್ನೊಬ್ಬರು ಪರೀಕ್ಷಿಸಬೇಕು: ನಡುಪಟ್ಟಿ, ಎಂಟರ ಆಕಾರದ ಗಂಟು, ಕೊಂಡಿಯ ಬಾಯಿ. ಎಂಟರ ಗಂಟನ್ನೇ ಆರಿಸಿಕೊಂಡಿರುವುದು ಅದು ಬಲವಾದುದೆಂದು ಮಾತ್ರವಲ್ಲ. ತಪ್ಪಾಗಿದ್ದರೆ ಎರಡು ಮಾರು ದೂರದಿಂದಲೇ ಮತ್ತೊಬ್ಬನಿಗೆ ಕಾಣುತ್ತದೆಂದು.

ಮೇಲಿನ ಆಧಾರದ ವಿಷಯವನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇವೆ. ಬಾವಿಯ ರಾಟೆಯನ್ನು ನೆನೆಯಿರಿ: ಕೊಡ ಒಂದು ಕಡೆ ಜಗ್ಗುತ್ತದೆ, ಸೇದುವವಳು ಇನ್ನೊಂದು ಕಡೆ, ತೊಲೆಯು ಎರಡನ್ನೂ ಹೊರಬೇಕು. ಬಂಡೆಯ ನೆತ್ತಿಯಲ್ಲಿರುವ ಆಧಾರವೂ ಹಾಗೆಯೇ ಬಿದ್ದವನ ಭಾರಕ್ಕಿಂತ ಹೆಚ್ಚನ್ನು ಹೊರುತ್ತದೆ. ಎರಡು ಆಧಾರಗಳಿಂದ ಪಟ್ಟಿಗಳನ್ನು ಇಳಿಬಿಟ್ಟು ಅವು ಕೂಡುವಲ್ಲಿ ಭಾರ ತೂಗಿದರೆ, ನಡುವಿನ ಕೋನ 60 ಡಿಗ್ರಿಯಿದ್ದಾಗ ಒಂದೊಂದರ ಮೇಲೆ ಭಾರದ ಶೇಕಡ 58. 120 ಡಿಗ್ರಿಯಲ್ಲಿ ಒಂದೊಂದರ ಮೇಲೂ ಪೂರ್ತಿ ಭಾರ. 150ರಲ್ಲಿ ಸುಮಾರು ಎರಡರಷ್ಟು. ಬಟ್ಟೆ ಒಣಹಾಕುವ ಹಗ್ಗವನ್ನು ಬಿಗಿಯಾಗಿ ಕಟ್ಟಿದಷ್ಟೂ ಅದು ಬೇಗ ಹರಿಯುವುದನ್ನು ಕಂಡವರಿಗೆ ಇದರಲ್ಲಿ ಹೊಸತೇನೂ ಇಲ್ಲ.

ಇಲ್ಲಿಯವರೆಗೆ ಬಂಡೆಯಿಂದ ಮನುಷ್ಯನಿಗೆ ಒದಗುವ ಅಪಾಯವನ್ನು ಕುರಿತು ಹೇಳಿದೆವು. ಮನುಷ್ಯನಿಂದ ಬಂಡೆಗೆ ಅಪಾಯವುಂಟೆ? 250 ಕೋಟಿ ವರ್ಷ ಬಾಳಿದ ಕಲ್ಲಿಗೆ ನಾಲ್ಕು ಜನರ ಪಾದ ಏನು ಮಾಡೀತು?

ಈ ಪ್ರಶ್ನೆಗೆ ಉತ್ತರ ಅಮೆರಿಕದ ಯೊಸೆಮಿಟಿ ಕಣಿವೆಯಲ್ಲಿ ದೊರೆಯಿತು. ಅಲ್ಲಿನ ಬಂಡೆಗಳೂ ಗ್ರಾನೈಟೇ. 1950 ಮತ್ತು 60ರ ದಶಕಗಳಲ್ಲಿ ಹತ್ತುವವರು ಗಟ್ಟಿ ಉಕ್ಕಿನ ಗೂಟಗಳನ್ನು ಬಿರುಕಿಗೆ ಹೊಡೆದು, ಅದಕ್ಕೆ ಹಗ್ಗ ಸಿಕ್ಕಿಸಿ ಮುಂದೆ ಹೋಗುತ್ತಿದ್ದರು. ಹಿಂದೆ ಬರುವವನು ಅದನ್ನು ಎಡಕ್ಕೂ ಬಲಕ್ಕೂ ಬಡಿದು ಕೀಳುತ್ತಿದ್ದನು. ಒಬ್ಬನು ಹೀಗೆ ಮಾಡಿದಾಗ ಏನೂ ಕಾಣಲಿಲ್ಲ. ನೂರಾರು ಜನ ಅದೇ ಬಿರುಕಿನಲ್ಲಿ ಮಾಡಿದ ಮೇಲೆ ಉಗುರು ಹೋಗದಿದ್ದ ಬಿರುಕಿನಲ್ಲಿ ಬೆರಳು ಹೋಗುವಂಥ ಗುಳಿಗಳಾದವು. ಆ ಗೂಟಗಳನ್ನು ತಯಾರಿಸಿ ಮಾರುತ್ತಿದ್ದವರಲ್ಲಿ ಮುಖ್ಯರಾದ ಇವಾನ್ ಶುನಾರ್ಡ್ ಮತ್ತು ಟಾಮ್ ಫ್ರಾಸ್ಟ್ ಈ ಗಾಯಗಳನ್ನು ಕಂಡು, ತಮ್ಮ ವ್ಯಾಪಾರದ ದೊಡ್ಡ ಆಧಾರವಾಗಿದ್ದ ಆ ಸರಕಿನಿಂದಲೇ ದೂರ ಸರಿದರು. 1972ರ ತಮ್ಮ ಸರಕುಪಟ್ಟಿಯಲ್ಲಿ, ಸುತ್ತಿಗೆ ಬೇಡ, ಕೈಯಿಂದ ಸಿಕ್ಕಿಸಿ ಕೈಯಿಂದಲೇ ತೆಗೆಯಬಹುದಾದ ಲೋಹದ ಬೆಣೆಗಳನ್ನು ಬಳಸಿರೆಂದು ಪ್ರಚಾರ ಮಾಡಿದರು. ಮಾರುವವನೇ ತನ್ನ ಸರಕು ಬೇಡವೆನ್ನುವುದು ಅಪರೂಪ. ಬೆಣೆಯ ಯುಕ್ತಿ ಬ್ರಿಟನ್ನಿನಿಂದ ಬಂದದ್ದು. ಅಲ್ಲಿಯವರು ಮೊದಲು ಬೆಣಚುಕಲ್ಲುಗಳನ್ನೂ, ಆಮೇಲೆ ರೈಲುಹಾದಿಯ ಪಕ್ಕದಲ್ಲಿ ಸಿಕ್ಕ ಯಂತ್ರದ ನಟ್ಟುಗಳನ್ನೂ ಬಿರುಕಿಗೆ ಸಿಕ್ಕಿಸುತ್ತಿದ್ದರು. ಕೆಳಕ್ಕೆ ಎಳೆದಷ್ಟೂ ಬೆಣೆ ಇಕ್ಕೆಲಗಳನ್ನು ಒತ್ತಿ ಗಟ್ಟಿಯಾಗುತ್ತದೆ. ಮೇಲಕ್ಕೆ ತಳ್ಳಿದರೆ ಬಿಟ್ಟುಬರುತ್ತದೆ. ಕಲ್ಲಿನ ಮೇಲೆ ಗುರುತೂ ಉಳಿಯದು.

ರಾಮನಗರದ ನುಣುಪು ಇಳಿಜಾರುಗಳಲ್ಲಿ ಬೆಣೆ ಸಿಕ್ಕಿಸಲು ಬಿರುಕುಗಳೇ ಇಲ್ಲದ ಕಡೆ ಕಲ್ಲನ್ನು ಕೊರೆದು ಉಕ್ಕಿನ ಬೋಲ್ಟುಗಳನ್ನು ಕೂರಿಸಬೇಕಾಗುತ್ತದೆ. ಕೊರೆದ ತೂತು ಮತ್ತೆ ಮುಚ್ಚುವಂಥದಲ್ಲ. ಮೇಳದಲ್ಲಿ ಹೊಸ ಬೋಲ್ಟುಗಳನ್ನು ಹಾಕಲಿಲ್ಲ; ಹಳೆಯವನ್ನು ಒಂದೊಂದಾಗಿ ತಿರುಗಿಸಿ ನೋಡಿ, ತುಕ್ಕು ಹಿಡಿದವನ್ನು ಗುರುತು ಮಾಡಿಕೊಂಡರು. ಇದು ಸುರಕ್ಷತೆಯ ಕೆಲಸವೋ ಪರಿಸರದ ಕೆಲಸವೋ ಎಂದು ಯಾರಾದರೂ ಕೇಳಿದ್ದರೆ ಉತ್ತರ ಹೇಳುವುದು ಕಷ್ಟವಾಗುತ್ತಿತ್ತು. ಕಾಲಿನ ವಿಷಯದಲ್ಲಿಯೂ ಹೀಗೆಯೇ. ಜಾರುವ ಪಾದವು ಹರಳನ್ನು ಉಜ್ಜುತ್ತದೆ. ಸಾವಿರಾರು ಬಾರಿ ಉಜ್ಜಿಸಿಕೊಂಡ ಹರಳು ಗಾಜಿನಂತೆ ನುಣುಪಾಗಿ, ಮುಂದೆ ಬರುವವರ ಪಾದವೂ ಅಲ್ಲಿ ಜಾರುತ್ತದೆ. ಸದ್ದಿಲ್ಲದೆ ಇಟ್ಟ ಪಾದ ಇವೆರಡನ್ನೂ ಉಳಿಸುತ್ತದೆ. ನಮ್ಮ ಮೊಣಕಾಲಿನ ವೃತ್ತಾಂತವನ್ನು ವಾಚಕರು ಇಲ್ಲಿಗೆ ಸೇರಿಸಿಕೊಳ್ಳಬಹುದು.

ಹತ್ತುವವರು ಸೊಂಟಕ್ಕೆ ಒಂದು ಪುಟ್ಟ ಚೀಲ ಕಟ್ಟಿಕೊಂಡು ಅದರೊಳಗಿನ ಬಿಳಿಯ ಪುಡಿಯನ್ನು ಕೈಗೆ ಹಚ್ಚಿಕೊಳ್ಳುತ್ತಾರೆ. ಇದು ಬೆವರು ಹೀರುವ ಮೆಗ್ನೀಸಿಯಂ ಕಾರ್ಬೊನೇಟು. ಜಾನ್ ಗಿಲ್ ಎಂಬ ಅಮೆರಿಕದ ಅಂಗಸಾಧಕರು ವ್ಯಾಯಾಮಶಾಲೆಯ ಈ ರೂಢಿಯನ್ನು 1950ರ ದಶಕದಲ್ಲಿ ಬಂಡೆಗೆ ತಂದರು. ಪುಡಿಯ ಕಲೆ ನೋಟಕ್ಕೆ ಕೆಟ್ಟದೆಂಬುದಷ್ಟೇ ಆಕ್ಷೇಪವಲ್ಲ. ಸ್ವಿಟ್ಸರ್ಲೆಂಡಿನ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಂಡೆಯ ಮೇಲೆ ಬೆಳೆಯುವ ಕೆಲವು ಜರೀಗಿಡ ಮತ್ತು ಹಾವಸೆಗಳಿಗೆ ಈ ಪುಡಿಯಿಂದ ಹಾನಿಯಾಗುವುದು ಕಂಡುಬಂದಿತು. ಜರ್ಮನಿಯ ಸ್ಯಾಕ್ಸನಿಯಲ್ಲಿ, ಮರಳುಗಲ್ಲಿನ ಕಂಬಗಳನ್ನು 1864ರಿಂದ ಹತ್ತುತ್ತಿರುವ ಸೀಮೆಯಲ್ಲಿ, ಈ ಪುಡಿಗೂ ಲೋಹದ ಬೆಣೆಗಳಿಗೂ ನಿಷೇಧವಿದೆ. ಬೆಣೆಯ ಬದಲು ದಾರದ ಗಂಟುಗಳನ್ನು ಬಿರುಕಿಗೆ ತುರುಕುತ್ತಾರೆ. ಮಳೆ ಬಂದು ಕಲ್ಲು ನೆನೆದಿದ್ದರೆ ಹತ್ತುವಂತೆಯೇ ಇಲ್ಲ, ಏಕೆಂದರೆ ಆ ಮರಳುಗಲ್ಲು ನೆನೆದಾಗ ದುರ್ಬಲವಾಗುತ್ತದೆ. ನಮ್ಮ ಬಾದಾಮಿಯ ಕೆಂಪು ಮರಳುಗಲ್ಲಿನ ಗೋಡೆಗಳನ್ನು ಅರಸಿ ದೂರದ ದೇಶಗಳಿಂದಲೂ ಜನ ಬರುತ್ತಾರೆ. ಅದೇ ಊರಿನ ಮೂರನೆಯ ಗುಹೆ 578ರ ಶಾಸನವುಳ್ಳದ್ದು. ಸಮೀಪದ ಸಿಡಿಲಪಡಿಯಲ್ಲಿ ಇತಿಹಾಸಪೂರ್ವ ಕಾಲದ ವರ್ಣಚಿತ್ರಗಳಿವೆ. ಅಲ್ಲಿ ಬಿಳಿಯ ಕೈಯನ್ನು ಎಲ್ಲಿ ಊರಬಾರದೆಂಬುದನ್ನು ಅರಿಯುವುದೂ ಆರೋಹಣವಿದ್ಯೆಯ ಒಂದು ಅಂಗವೆಂದೇ ನಮ್ಮ ಅಭಿಪ್ರಾಯ.

ಬೋಳು ಬಂಡೆ ನಿಜವಾಗಿ ಬೋಳಲ್ಲ. ಅದರ ಮೈಮೇಲೆ ಬೂದು, ಹಳದಿ, ಕಿತ್ತಳೆ ಬಣ್ಣದ ತೇಪೆಗಳಿವೆ. ಇವು ಕಲ್ಲುಹೂಗಳು, ಮಸಾಲೆ ಸಾಮಾನಿನೊಡನೆ ನಮ್ಮ ಅಡಿಗೆಮನೆಗೆ ಬರುವ ಕಲ್ಲುಹೂವಿನ ದೂರದ ನಂಟರು. ಶಿಲೀಂಧ್ರವೂ ಪಾಚಿಯೂ ಕೂಡಿ ನಡೆಸುವ ಸಂಸಾರವಿದು: ಪಾಚಿ ಬಿಸಿಲಿನಿಂದ ಆಹಾರ ಮಾಡುತ್ತದೆ, ಶಿಲೀಂಧ್ರ ಮನೆ ಕಟ್ಟಿ ನೀರು ಹಿಡಿದಿಡುತ್ತದೆ. ಕಲ್ಲಿಗೆ ಅಂಟಿ ಬೆಳೆಯುವ ಜಾತಿಗಳು ವರ್ಷಕ್ಕೆ ಒಂದು ಮಿಲಿಮೀಟರು ಬೆಳೆದರೆ ಹೆಚ್ಚು. ಅಂಗೈಯಗಲದ ತೇಪೆಯೊಂದು ನಮ್ಮ ಅಜ್ಜನ ವಯಸ್ಸಿನದಾಗಿರಬಹುದು. ತಂತಿಯ ಕುಂಚದಿಂದ ಅದನ್ನು ಉಜ್ಜಿ ತೆಗೆಯಲು ಅರ್ಧ ನಿಮಿಷ ಸಾಕು. ಮಳೆನೀರು ಹರಿದ ಕಡೆ ಕಾಣುವ ಕಪ್ಪು ಪಟ್ಟೆಗಳೂ ಜೀವಿಗಳೇ, ನೀಲಿಹಸುರು ಪಾಚಿಯ ತೆಳು ಪೊರೆ. ನೆನೆದಾಗ ಎಣ್ಣೆಯಂತೆ ಜಾರುತ್ತದೆ. ಆದುದರಿಂದ ಮೇಳದವರು ಹಳೆಯ ದಾರಿಗಳಲ್ಲಿಯೇ ಹತ್ತುತ್ತಾರೆ, ಹಳೆಯ ಕಾಲುದಾರಿಯಲ್ಲಿಯೇ ಇಳಿಯುತ್ತಾರೆ. ನೆಲದಲ್ಲಿ ಒಂದೇ ದಾರಿ ಸವೆದರೆ ಅದನ್ನು ಕಲ್ಲು ಜೋಡಿಸಿ ಉಳಿಸಬಹುದು. ಹತ್ತು ದಾರಿ ಬಿದ್ದರೆ ಮೊದಲ ಮಳೆಗೇ ಇಳಿಜಾರಿನ ಮಣ್ಣು ಕೆಳಗಿನ ಹಳ್ಳ ಸೇರುತ್ತದೆ.

ಈಗ ಹೆಜ್ಜೇನಿನ ವಿಷಯ. ಶನಿವಾರ ಮಧ್ಯಾಹ್ನ, ಮೇಳಕ್ಕೆ ಸೇರದ ಒಂದು ಗುಂಪು ಬಂಡೆಯ ಇನ್ನೊಂದು ಮಗ್ಗುಲಿಗೆ ಬಂದು ಅಡಿಗೆಗೆಂದು ಒಲೆ ಹೂಡಿತು. ಹೊಗೆ ನೇರವಾಗಿ ಮೇಲೇರಿತು. ಮೇಲೆ ಬಂಡೆಯ ಚಾಚಿನಡಿ ಮೊರದಗಲದ ಐದಾರು ಹುಟ್ಟಿಗಳು ತೂಗುತ್ತಿದ್ದವು. ಹಳ್ಳಿಯ ತರುಣನೊಬ್ಬ ಇದನ್ನು ಮೊದಲು ಕಂಡು, ಕೂಗದೆ, ಓಡಿಬಂದು ತಿಳಿಸಿದನು. ಆಗ ಹಗ್ಗದ ಮೇಲೆ ಮೂವರಿದ್ದರು. ಒಬ್ಬ ಹುಡುಗ ಸುಮಾರು 25 ಮೀಟರು ಎತ್ತರದಲ್ಲಿದ್ದನು.

ಹೆಜ್ಜೇನು ಕುಟುಕಿದಾಗ ಮುಳ್ಳಿನ ಬುಡದಿಂದ ಒಂದು ವಾಸನೆ ಹೊರಡುತ್ತದೆ. ಮಾಗಿದ ಬಾಳೆಹಣ್ಣಿನ ವಾಸನೆಯನ್ನು ಹೋಲುವ ಈ ರಾಸಾಯನಿಕವೇ ಉಳಿದ ಹುಳುಗಳಿಗೆ ಯುದ್ಧದ ಕಹಳೆ. ಆದುದರಿಂದ ಒಂದು ಕುಟುಕಿದ ಕಡೆಗೆ ನೂರು ಬರುತ್ತವೆ. ನೆಲದ ಮೇಲಿರುವವನು ತಲೆ ಮುಖ ಮುಚ್ಚಿಕೊಂಡು ದೂರ ಓಡಬಹುದು. ಹಗ್ಗಕ್ಕೆ ತೂಗುತ್ತಿರುವವನು ಎಲ್ಲಿಗೆ ಓಡಬೇಕು? ಅಂದು ಕಲಿಸುವವರು ಮಾತನಾಡದೆ ಕೈಸನ್ನೆಯಿಂದ ಮೂವರನ್ನೂ ಒಂದೇ ಸಮನೆ, ಜರ್ಕಿಲ್ಲದೆ ಕೆಳಗಿಳಿಸಿದರು. ಒಲೆಯನ್ನು ಮಣ್ಣು ಹಾಕಿ ಆರಿಸಿದರು. ಹುಟ್ಟಿಗಳ ಮೇಲೆ ಅಲೆಯಂತೆ ಒಂದು ಕಂಪನ ಎರಡು ಮೂರು ಬಾರಿ ಹರಿದು ನಿಂತಿತು. ನಾಲ್ಕೈದು ಜನರಿಗೆ ಒಂದೆರಡು ಕುಟುಕಾದವು, ಅಷ್ಟೆ. ಆ ಮಧ್ಯಾಹ್ನ ಮತ್ತೆ ಯಾರೂ ಹತ್ತಲಿಲ್ಲ. ಹುಟ್ಟಿಗಳು ಎಲ್ಲಿವೆ, ಯಾವ ತಿಂಗಳಲ್ಲಿ ಬರುತ್ತವೆ, ಗಾಳಿ ಯಾವ ಹೊತ್ತಿಗೆ ಯಾವ ಕಡೆಗೆ ತಿರುಗುತ್ತದೆ ಎಂಬುದನ್ನು ಆ ತರುಣನೇ ಎಲ್ಲರನ್ನೂ ಕೂಡಿಸಿಕೊಂಡು ವಿವರಿಸಿದನು. ಎರಡು ದಿನಗಳ ಪಾಠಗಳಲ್ಲಿ ಅತ್ಯಂತ ಶ್ರದ್ಧೆಯಿಂದ ಜನ ಕೇಳಿದ್ದು ಅದನ್ನೇ.

ರಾಮನಗರಕ್ಕೆ ಇನ್ನೊಂದು ವಿಶೇಷ ಹೊಣೆಯಿದೆ. ಇಲ್ಲಿನ ರಾಮದೇವರ ಬೆಟ್ಟದ ಸುಮಾರು 346 ಹೆಕ್ಟೇರು ಪ್ರದೇಶವನ್ನು 2012ರಲ್ಲಿ ರಣಹದ್ದುಗಳ ಅಭಯಾರಣ್ಯವೆಂದು ಘೋಷಿಸಲಾಯಿತು. ಉದ್ದ ಕೊಕ್ಕಿನ ರಣಹದ್ದು ಮರಕ್ಕಿಂತ ಹೆಚ್ಚಾಗಿ ಕಡಿದಾದ ಬಂಡೆಯ ಅಂಚುಗಳಲ್ಲಿ ಗೂಡು ಮಾಡುವ ಹಕ್ಕಿ. 1990ರ ದಶಕದಲ್ಲಿ ಭಾರತದಲ್ಲಿ ಇವುಗಳ ಸಂಖ್ಯೆ ಕುಸಿಯತೊಡಗಿ, ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಪಾಲು ಕೆಲವೇ ವರ್ಷಗಳಲ್ಲಿ ಇಲ್ಲವಾದುವು. ಕಾರಣ ತಿಳಿದದ್ದು 2004ರಲ್ಲಿ: ದನಕರುಗಳಿಗೆ ನೋವು ಶಮನಕ್ಕೆಂದು ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ಔಷಧ, ಸತ್ತ ಪಶುವಿನ ಮಾಂಸದ ಮೂಲಕ ಹದ್ದಿನ ಹೊಟ್ಟೆ ಸೇರಿ ಮೂತ್ರಪಿಂಡಗಳನ್ನು ಕೆಡಿಸುತ್ತಿತ್ತು. ಪಶುವೈದ್ಯಕೀಯದಲ್ಲಿ ಅದರ ಬಳಕೆಯನ್ನು 2006ರಲ್ಲಿ ನಿಷೇಧಿಸಲಾಯಿತು. ಅಳಿದ ಹಕ್ಕಿಗಳು ಬೇಗ ಮರಳಲಾರವು. ಈ ರಣಹದ್ದು ವರ್ಷಕ್ಕೆ ಒಂದೇ ಒಂದು ಮೊಟ್ಟೆಯಿಡುತ್ತದೆ.

ತೊಡಕು ಇಲ್ಲಿಯೇ ಇದೆ. ಬಂಡೆ ತಣ್ಣಗಿದ್ದು ರಬ್ಬರು ಚೆನ್ನಾಗಿ ಹಿಡಿಯುವುದು, ಅಂಗೈ ಬೆವರದಿರುವುದು ನವೆಂಬರಿನಿಂದ ಫೆಬ್ರವರಿಯವರೆಗೆ. ಹತ್ತುವವರಿಗೆ ಅದೇ ಋತು. ಹದ್ದು ಕಾವು ಕೂರುವುದೂ ಮರಿ ಸಾಕುವುದೂ ಅದೇ ತಿಂಗಳುಗಳಲ್ಲಿ. ತಲೆಯ ಮೇಲೆ ಮನುಷ್ಯರ ಸದ್ದು ಕೇಳಿ ಹಕ್ಕಿ ಎದ್ದು ಹೋದರೆ, ಬಿಸಿಲಿಗೂ ಕಾಗೆಗಳಿಗೂ ತೆರೆದುಕೊಳ್ಳುವುದು ಆ ವರ್ಷದ ಏಕೈಕ ಮೊಟ್ಟೆ. ಅಭಯಾರಣ್ಯದ ಗಡಿಯೊಳಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಕಟ್ಟುಪಾಡುಗಳಿವೆ. ಆದರೆ ಗಡಿಯ ಗೆರೆಯನ್ನು ಹಕ್ಕಿ ಓದಲಾರದು; ಅದು ಹೊರಗಿನ ಬಂಡೆಯನ್ನೂ ಆರಿಸಿಕೊಳ್ಳಬಹುದು. ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಡೇಗೆಯ ಜಾತಿಯ ಹಕ್ಕಿಗಳು ಗೂಡು ಮಾಡುವ ಬಂಡೆಗಳನ್ನು ಆ ತಿಂಗಳುಗಳ ಮಟ್ಟಿಗೆ ಮುಚ್ಚಿ, ಮರಿ ಹಾರಿದ ಮೇಲೆ ತೆರೆಯುವ ಪದ್ಧತಿಯಿದೆ. ಅದನ್ನು ಪಾಲಿಸುವವರು ಹತ್ತುವವರೇ. ಪ್ರತಿ ಬಂಡೆಯ ಕೆಳಗೂ ಕಾವಲುಗಾರನನ್ನು ನಿಲ್ಲಿಸುವುದು ಯಾವ ಸರ್ಕಾರಕ್ಕೂ ಸಾಧ್ಯವಲ್ಲ. ಬಂಡೆಸಾಲಿನ ಕುರುಚಲಿನಲ್ಲಿ ಬಾಳುವ ಹಳದಿ ಕತ್ತಿನ ಪಿಕಳಾರವೆಂಬ ಇನ್ನೊಂದು ಹಕ್ಕಿಯೂ ಇದೆ. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟು ಪ್ರಪಂಚದಲ್ಲಿ ಬೇರೆಲ್ಲಿಯೂ ಅದಿಲ್ಲ. ಅದರ ಮಾತನ್ನು ಮತ್ತೊಮ್ಮೆ ಆಡೋಣ.

ಭಾನುವಾರ ಬೆಳಗ್ಗೆ ಮೇಳದವರು ಹಗ್ಗ ಬಿಚ್ಚುವ ಮುನ್ನ ಎಲ್ಲರನ್ನೂ ಬಯಲಿನಲ್ಲಿ ಕೂಡಿಸಿ ದುರ್ಬೀನುಗಳನ್ನು ಹಂಚಿದರು. ಅಂದು ಆರು ಜನರ ತಂಡವೊಂದು ಪೂರ್ವದ ಎತ್ತರದ ಗೋಡೆಯನ್ನು ಹತ್ತುವುದೆಂದು ಹಿಂದಿನ ದಿನವೇ ಗೊತ್ತಾಗಿತ್ತು. ಆ ಗೋಡೆಯ ಮೇಲ್ಭಾಗದಲ್ಲಿ ಒಂದು ಅಂಚಿನ ಕೆಳಗೆ ಸುಣ್ಣ ಚೆಲ್ಲಿದಂತೆ ಬಿಳಿಯ ಗೆರೆಗಳು ಕಂಡವು. ಹತ್ತುವವರ ಪುಡಿಯ ಕಲೆಯಿರಬೇಕೆಂದು ನಾವು ಹೇಳಿದೆವು. ಪಕ್ಕದಲ್ಲಿದ್ದವರು ತಲೆಯಾಡಿಸಿ, ಅಷ್ಟು ಬಿಳುಪು, ಅಷ್ಟು ಉದ್ದ ಹಕ್ಕಿಯ ಹಿಕ್ಕೆಯಿಂದ ಮಾತ್ರ ಬರುತ್ತದೆ, ದೊಡ್ಡ ಹಕ್ಕಿಯೊಂದು ದಿನಾ ಕೂರುವ ಅಂಚಿನ ಗುರುತು ಅದು ಎಂದರು. ರಣಹದ್ದಿನದೋ, ಗಿಡುಗನದೋ, ಅಷ್ಟು ದೂರದಿಂದ ಹೇಳುವಂತಿರಲಿಲ್ಲ. ಅರ್ಧ ಗಂಟೆ ಕಾದೆವು. ಯಾವ ಹಕ್ಕಿಯೂ ಬರಲಿಲ್ಲ. ಪೂರ್ವದ ಗೋಡೆಗೆಂದು ಸಿದ್ಧಪಡಿಸಿದ್ದ ಎರಡು ಹಗ್ಗಗಳನ್ನು ಆ ಆರು ಜನ ಮತ್ತೆ ಸುತ್ತಿ ಚೀಲಕ್ಕೆ ಹಾಕಿ, ಗಂಟು ಹಾಕುವ ಪಾಠ ನಡೆಯುತ್ತಿದ್ದ ಮರದ ಕಡೆಗೆ ಹೋದರು.